ಸೀಟಿನಡಿಯ ಪೆಟ್ಟಿಗೆ

ಯಲಹಂಕ, ಆರ್.ಟಿ. ನಗರಗಳಲ್ಲಿರುವ ಮಕ್ಕಳಿಗೆ ಮನೆಯ ಕಾಫಿಪುಡಿ ಕಳುಹಿಸುವ ಸದಸ್ಯ ಬಾಂಧವರ ಗಮನಕ್ಕೆ. ರೈಲಿನಲ್ಲಿ ಬಂದವರು ಯಶವಂತಪುರದಲ್ಲಿ ಕೊಟ್ಟ ಪೊಟ್ಟಣ ನೇರವಾಗಿ ಸ್ಕೂಟರಿನ ಸೀಟಿನಡಿ ಸೇರುತ್ತದೆ. ಪೆಟ್ರೋಲ್ ಸ್ಕೂಟರುಗಳಲ್ಲಿ ಎಂಜಿನ್ ಇರುವುದು ಆ ಪೆಟ್ಟಿಗೆಯ ಕೆಳಗೇ. ಹೆಬ್ಬಾಳದ ಸಂದಣಿಯಲ್ಲಿ ಅರ್ಧ ಗಂಟೆ ನಿಂತರೆ ಪುಡಿ ಬಿಸಿಯಾಗಿ ಘಮ ಕುಂದುತ್ತದೆ. ಹುರಿದ ಬೀಜವನ್ನೇ ಕಳುಹಿಸಿ, ಅಲ್ಲಿಯೇ ಪುಡಿ ಮಾಡಿಸಿಕೊಳ್ಳಲಿ. ಅದೂ ಕೈಚೀಲದಲ್ಲಿ ಹೋಗಲಿ.

ಮೈಸೂರಿನ ಯೆಜ್ಡಿಯ ಕಾಲದಲ್ಲಿ (ಆ ಕಾರ್ಖಾನೆ 1996ರಲ್ಲಿ ಮುಚ್ಚಿತು) ಸ್ಪಾನರ್, ಬದಲಿ ಪ್ಲಗ್ ಇಲ್ಲದೆ ನಾವು ತೋಟದ ಗೇಟು ದಾಟುತ್ತಿರಲಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯಿಂದ ಪ್ಲಗ್ಗಿಗೆ ಮಸಿ ಕಟ್ಟುತ್ತಿತ್ತಲ್ಲ! ಈಗ ಪೆಟ್ಟಿಗೆಯಲ್ಲಿ ಮಳೆಯಂಗಿ, ಒರೆಸುವ ಬಟ್ಟೆ ಇದ್ದರೆ ಸಾಕು. ಆರ್.ಸಿ.ಯ ಮೂಲಪ್ರತಿ ಮಾತ್ರ ಬೇಡ. ಗಾಡಿ ಕಳವಾದರೆ ಅದೂ ಹೋಗುತ್ತದೆ. ಫೋನಿನಲ್ಲಿ ತೋರಿಸುವ ಡಿಜಿಲಾಕರ್ ಪ್ರತಿಗೆ 2018ರಿಂದಲೇ ಮಾನ್ಯತೆಯಿದೆ.