ಹಳದಿ ರೇಖೆ ಯಾರದು?
ಮಲವಗೊಪ್ಪದ ಮಾಳಿಗೆಯೊಂದರಿಂದ, ಕಿರಿದಾದ ದೂರದರ್ಶಕಕ್ಕೆ ವಿವರ್ತನ ಜಾಲಕವನ್ನು ಜೋಡಿಸಿ, ನಾವು ನವತಾರೆಯೊಂದರ ರೋಹಿತವನ್ನು ತೆಗೆದೆವೆಂದು ಭಾವಿಸೋಣ. ಗಣಕದ ತಂತ್ರಾಂಶವು ಹೊಳೆಯುವ ಹಳದಿ ರೇಖೆಯೊಂದಕ್ಕೆ 588.3 ನ್ಯಾನೊಮೀಟರ್ ಎಂದು ಅಂಕೆ ಹಾಕುತ್ತದೆ. ಇದು ಸೋಡಿಯಮೋ, ಹೀಲಿಯಮೋ?

ಈ ಸಂದೇಹವು ಹೊಸದಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಲೆಫ್ಟಿನೆಂಟ್ ಜಾನ್ ಹರ್ಷೆಲನು ನಮ್ಮ ಜಮಖಂಡಿಯಲ್ಲಿ, ಮೋಡಗಳ ಕಾಟದ ನಡುವೆ, ಸೂರ್ಯನ ಜ್ವಾಲೆಗಳ ರೋಹಿತದಲ್ಲಿ ಕೆಂಪು, ಕಿತ್ತಳೆ, ನೀಲಿ ರೇಖೆಗಳನ್ನು ಕಂಡನು. ಕಿತ್ತಳೆಯದನ್ನು ಸೋಡಿಯಮಿನದೆಂದೇ ಬಗೆದನು. ಅದು ಹೀಲಿಯಂ ಆಗಿತ್ತು! ಸೋಡಿಯಮಿನ ಜೋಡಿರೇಖೆಗಳು 589.0 ಮತ್ತು 589.6ರಲ್ಲಿವೆ, ಹೀಲಿಯಮಿನದು 587.6ರಲ್ಲಿ.

ತಂತ್ರಾಂಶಕ್ಕೆ ಧಾತುಗಳ ಪರಿಚಯವಿಲ್ಲ. ನಾವು ಗುರುತಿಸಿಕೊಟ್ಟ ರೇಖೆಗಳನ್ನು ನಂಬಿ ಅದು ಪಿಕ್ಸೆಲ್‌ಗಳನ್ನು ಎಣಿಸುತ್ತದೆ, ಅಷ್ಟೇ. ಆದುದರಿಂದ ಅದೇ ರಾತ್ರಿ, ಅದೇ ಜೋಡಣೆಯಲ್ಲಿ, ಅಭಿಜಿತ್ ನಕ್ಷತ್ರದ ರೋಹಿತವನ್ನೂ ತೆಗೆದು, ಜಲಜನಕದ 486.1 ಮತ್ತು 656.3ರ ಕಪ್ಪು ರೇಖೆಗಳನ್ನು ಗುರುತಿಸಬೇಕು. ಬಳಿಕ 760ರ ಬಳಿ ನಮ್ಮ ವಾಯುಮಂಡಲದ ಆಮ್ಲಜನಕವು ಮೂಡಿಸುವ ಕಪ್ಪು ಪಟ್ಟಿಯನ್ನು ನೋಡೋಣ. ಅದು 768ರಲ್ಲಿ ಕಂಡರೆ ತಪ್ಪು ನಕ್ಷತ್ರದ್ದಲ್ಲ, ನಮ್ಮ ಗುರುತಿನದು. ಪಟ್ಟಿಯು ಸ್ವಸ್ಥಾನದಲ್ಲಿದ್ದರೂ, ಹಳದಿ ರೇಖೆಯೇ ನಾಲ್ಕು ನ್ಯಾನೊಮೀಟರ್ ಅಗಲಕ್ಕೆ ಹರಡಿದ್ದರೆ ತಂತ್ರಾಂಶದ ದಶಮಾಂಶಕ್ಕೆ ಬೆಲೆಯಿಲ್ಲ. ಆಗ ಹೀಲಿಯಮಿನ ಇನ್ನೊಂದು ರೇಖೆಯು, 667.8ರಲ್ಲಿ, ಕೆಂಪಾಗಿ ಹೊಳೆಯುತ್ತಿದೆಯೇ ಎಂದು ಹುಡುಕಬೇಕು.