ಉರಿ ಬೇರೆ, ಕಲೆ ಬೇರೆ

ಬೂದಿ ಮುಚ್ಚಿದ ಕೆಂಡವನ್ನು ದೂರದಿಂದ ಕಂಡವರು ಬೆಂಕಿ ಆರಿತೆಂದೇ ಬಗೆಯುವರು. ಹೆಪಟೈಟಿಸ್ ಬಿ ಅಥವಾ ಸಿ ವೈರಸ್ಸು ಬೇರೂರಿದ ಯಕೃತ್ತಿನ ಪಾಡೂ ಹೀಗೆಯೇ. ಕಾಮಾಲೆಯ ಹಳದಿಯಿಲ್ಲ, ನೋವಿಲ್ಲ. ರೋಗಿಯು ಹತ್ತಾರು ವರ್ಷ ಎಂದಿನಂತೆ ಓಡಾಡಿಕೊಂಡಿರಬಹುದು. ಒಳಗೆ ಮಾತ್ರ ಆ ಅಂಗವು ಮೆಲ್ಲಮೆಲ್ಲನೆ ಹಾಳಾಗುತ್ತಿರಬಹುದು. ಎಷ್ಟು ಹಾಳಾಗಿದೆಯೆಂದು ಅಳೆಯುವುದು ಹೇಗೆ?

ಅಂಗಾಂಶದ ಚೂರೊಂದನ್ನು ತೆಗೆದು ನೋಡುವುದೇ ನೇರವಾದ ಉಪಾಯ. 1958ರಲ್ಲಿ ಇಟಲಿಯ ವೈದ್ಯ ಮೆಂಗಿನಿಯವರು ವಿವರಿಸಿದ ವಿಧಾನದಲ್ಲಿ ಟೊಳ್ಳು ಸೂಜಿಯು ಯಕೃತ್ತಿನೊಳಗೆ ನಿಲ್ಲುವುದು ಸುಮಾರು ಒಂದೇ ಸೆಕೆಂಡು. ಹೊರಬಂದ ದಾರದಂತಹ ಚೂರನ್ನು ಅತಿ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣವೇರಿಸಿ, ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ.

ಅಲ್ಲಿ ಕಾಣುವುದೇನು? ಯಕೃತ್ತಿನ ಜೀವಕೋಶಗಳು ಸಾಲುಸಾಲಾಗಿ ನಿಂತಿರುತ್ತವೆ. ನಡುನಡುವೆ ರಕ್ತನಾಳಗಳೂ ಪಿತ್ತನಾಳವೂ ಜೊತೆಯಾಗಿ ಸಾಗುವ ಓಣಿಗಳುಂಟು. ವೈರಸ್ಸು ಹೊಕ್ಕ ಕೋಶಗಳನ್ನು ಕೊಲ್ಲಲೆಂದು ದೇಹದ ರಕ್ಷಕರಾದ ಬಿಳಿಯ ರಕ್ತಕಣಗಳು ಈ ಓಣಿಗಳಲ್ಲಿ ನೆರೆಯುತ್ತವೆ. ಅಂಚನ್ನು ದಾಟಿ ಪಕ್ಕದ ಕೋಶಗಳ ಮೇಲೆ ಬೀಳುತ್ತವೆ. ಇದೇ ಉರಿಯೂತ. ಹಾನಿಯ ಬಹುಭಾಗವು ವೈರಸ್ಸಿನಿಂದ ನೇರವಾಗಿ ಆದದ್ದಲ್ಲ, ಈ ಕಾಳಗದಿಂದ ಆದದ್ದು. ಕಾಳಗವು ವರ್ಷಗಟ್ಟಲೆ ನಡೆದರೆ ಸತ್ತ ಕೋಶಗಳ ಎಡೆಯಲ್ಲಿ ಗಾಯದ ಕಲೆಯಂತೆ ನಾರು ಬೆಳೆಯುತ್ತದೆ. ನಾರು ಓಣಿಯಿಂದ ಓಣಿಗೆ ಸೇತುವೆ ಕಟ್ಟಿ, ಕಡೆಗೆ ಉಳಿದ ಕೋಶಗಳನ್ನು ಗಂಟುಗಂಟಾಗಿ ಸುತ್ತುವರಿಯುತ್ತದೆ. ಈ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು.

1981ರಲ್ಲಿ ಅಮೆರಿಕದ ನೊಡೆಲ್ ಮತ್ತು ಸಂಗಡಿಗರು ಇವಕ್ಕೆಲ್ಲ ಅಂಕಗಳನ್ನು ಗೊತ್ತುಮಾಡಿದರು: ಉರಿಯೂತಕ್ಕೂ ಕೋಶಗಳ ಸಾವಿಗೂ ಸೇರಿ ಹೆಚ್ಚೆಂದರೆ 18, ನಾರಿಗೆ 4; ಒಟ್ಟು 22. ಆದರೆ ಮೊತ್ತವು ಮೋಸಮಾಡಬಲ್ಲದು. ಒಬ್ಬನಿಗೆ ಉರಿಯ ಅಂಕ 7, ನಾರಿನದು 1. ಇನ್ನೊಬ್ಬನಿಗೆ 4 ಮತ್ತು 4 ಎಂದಿಟ್ಟುಕೊಳ್ಳೋಣ. ಇಬ್ಬರ ಮೊತ್ತವೂ 8. ಆದರೆ ಮೊದಲನೆಯವನಲ್ಲಿ ಕಲೆ ಇನ್ನೂ ಅಲ್ಪ. ಎರಡನೆಯವನಿಗೆ ಆಗಲೇ ಸಿರೋಸಿಸ್! ಆದುದರಿಂದ 1990ರ ದಶಕದಲ್ಲಿ ತಜ್ಞರು ಇವೆರಡನ್ನೂ ಬೇರ್ಪಡಿಸಿದರು. ಫ್ರಾನ್ಸಿನ ಮೆಟಾವಿರ್ ಪದ್ಧತಿಯಲ್ಲಿ ಉರಿಯೂತದ ದರ್ಜೆಗಳು 0ಯಿಂದ 3ರವರೆಗೆ, ನಾರಿನ ಹಂತಗಳು 0ಯಿಂದ 4ರವರೆಗೆ. ಬೆಂಕಿ ಈಗ ಎಷ್ಟು ಉರಿಯುತ್ತಿದೆ ಎಂಬುದನ್ನು ದರ್ಜೆಯು ತಿಳಿಸಿದರೆ, ಈವರೆಗೆ ಎಷ್ಟು ಸುಟ್ಟಿದೆ ಎಂಬುದನ್ನು ಹಂತವು ತಿಳಿಸುತ್ತದೆ.

ಅನ್ನ ಬೆಂದಿತೆ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಯಕೃತ್ತಾದರೋ ಎಲ್ಲೆಡೆಯೂ ಒಂದೇ ಸಮನಾಗಿ ಬೆಂದಿರುವುದಿಲ್ಲ. ಸೂಜಿಗೆ ಸಿಕ್ಕುವುದು ಸುಮಾರು ಐವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಈ ಕೊರತೆಯೂ ಸೂಜಿಯ ಅಪಾಯವೂ ಇರುವುದರಿಂದ, ಇಂದು ಅನೇಕ ರೋಗಿಗಳಲ್ಲಿ ಚರ್ಮದ ಮೇಲಿನಿಂದಲೇ ಕಂಪನವನ್ನು ಹಾಯಿಸಿ ಯಕೃತ್ತಿನ ಗಡಸುತನವನ್ನು ಅಳೆಯುತ್ತಾರೆ. ನಾರು ಹೆಚ್ಚಿದಷ್ಟೂ ಕಂಪನದ ಓಟ ಹೆಚ್ಚುತ್ತದೆ.

ಇಷ್ಟೆಲ್ಲ ಲೆಕ್ಕ ಏತಕ್ಕೆ? ಹೆಪಟೈಟಿಸ್ ಸಿ ವೈರಸ್ಸನ್ನು ಇಂದು ಎರಡು ಮೂರು ತಿಂಗಳ ಮಾತ್ರೆಗಳಿಂದ ಬಹುಮಟ್ಟಿಗೆ ನಿರ್ಮೂಲಗೊಳಿಸಬಹುದು. ಬಿ ವೈರಸ್ಸನ್ನು ಅಡಗಿಸಿಡಬಹುದು. ಬೆಂಕಿ ಆರಿದರೆ ಕಲೆಯೂ ಅನೇಕರಲ್ಲಿ ನಿಧಾನವಾಗಿ ಕರಗುತ್ತದೆ. ಆದರೆ ನಾಲ್ಕನೆಯ ಹಂತವನ್ನು ಮುಟ್ಟಿದವನಿಗೆ ವೈರಸ್ಸು ತೊಲಗಿದ ಮೇಲೂ ಕ್ಯಾನ್ಸರಿನ ಭಯ ಪೂರ್ಣವಾಗಿ ತೊಲಗದು. ಆತನು ತಪ್ಪದೆ ತಪಾಸಣೆ ಮಾಡಿಸಿಕೊಳ್ಳುತ್ತಲೇ ಇರಬೇಕು. ಕೆಂಡವನ್ನು ಬೇಗ ಕಂಡುಹಿಡಿಯುವುದರಲ್ಲಿಯೇ ಲಾಭವಿದೆ.