ಮೂಳೆಯೊಳಗಿನ ಸಿಸ್ಟ್‌ನಿಂದ ಉಂಟಾಗುವ ಮೊಣಕಾಲು ನೋವು: ಸಾರ್ವಜನಿಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಮತ್ತು ಉಂಡೆ ಕೊಬ್ಬರಿ ಬಹುಪಾಲು ಕುಟುಂಬಗಳ ಜೀವನಾಧಾರವಾಗಿರುತ್ತದೆ. ಮರ ಹತ್ತುವುದು, ಕಾಯಿಯನ್ನು ಅಟ್ಟಕ್ಕೆ ಏರಿಸುವುದು, ಕುಕ್ಕರುಗಾಲಿನಲ್ಲಿ ಕುಳಿತು ಚಿಪ್ಪು ಒಡೆದು ಕೊಬ್ಬರಿ ತೆಗೆಯುವುದು, ಗರಿಯಿಂದ ಪೊರಕೆ ಕಡ್ಡಿ ಬಿಡಿಸುವುದು ಮುಂತಾದ ಕೆಲಸಗಳಲ್ಲಿ ಮೊಣಕಾಲಿನ ಮೇಲೆ ಅಧಿಕ ಒತ್ತಡ ಬೀಳುತ್ತದೆ. ಇಂತಹ ದುಡಿಮೆಯನ್ನು ಹಲವು ವರ್ಷ ಮಾಡಿದವರಲ್ಲಿ ಮೊಣಕಾಲಿನ ಕೀಲು ಸವೆಯುವ ಸಂಭವ ಹೆಚ್ಚು.

ಎಕ್ಸ್-ರೇ ವರದಿಯಲ್ಲಿ ‘ಸಿಸ್ಟ್’ ಎಂಬ ಪದವನ್ನು ಕಂಡೊಡನೆ ಕ್ಯಾನ್ಸರ್ ಎಂದು ಭಯಪಟ್ಟು ಸಾಲ ಮಾಡಿ ಪರಸ್ಥಳಕ್ಕೆ ಹೋಗುವವರಿದ್ದಾರೆ. ವಯಸ್ಸಿನ ನೋವೆಂದು ವರದಿಯನ್ನು ಮೂಲೆಗಿಡುವವರೂ ಇದ್ದಾರೆ. ಇವೆರಡೂ ಸರಿಯಾದ ಕ್ರಮವಲ್ಲ. ಸಿಸ್ಟ್ ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳುವುದು ಅವಶ್ಯಕ.

1. ಸಿಸ್ಟ್ ಎಂದರೇನು?

ಮೂಳೆಯೊಳಗೆ ಉಂಟಾಗುವ, ಸಾಮಾನ್ಯವಾಗಿ ದ್ರವ ತುಂಬಿದ ಗುಳ್ಳೆಗೆ ಸಿಸ್ಟ್ ಎನ್ನಲಾಗುತ್ತದೆ. ಮೊಣಕಾಲಿನಲ್ಲಿ ಮುಖ್ಯವಾಗಿ ಕೆಳಕಂಡವುಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ.

ಅ) ಕೀಲು ಸವೆತದ ಸಿಸ್ಟ್: ನಡುವಯಸ್ಸು ದಾಟಿದವರಲ್ಲಿ ಸಾಮಾನ್ಯ. ಮೂಳೆಯ ತುದಿಯ ಮೃದ್ವಸ್ಥಿ ಸವೆದು ಅದರ ಕೆಳಗಿನ ಮೂಳೆಯಲ್ಲಿ ಸಣ್ಣ ಗುಳ್ಳೆಗಳು ಉಂಟಾಗುತ್ತವೆ. ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಗುಳ್ಳೆಗೆಂದೇ ಪ್ರತ್ಯೇಕ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ; ಚಿಕಿತ್ಸೆ ಕೀಲು ಸವೆತಕ್ಕೆ ನೀಡಲಾಗುತ್ತದೆ.

ಆ) ಮಕ್ಕಳು ಮತ್ತು ಹದಿಹರೆಯದವರ ಸಿಸ್ಟ್: ದ್ರವ ಅಥವಾ ರಕ್ತ ತುಂಬಿದ ಈ ಗುಳ್ಳೆಗಳು ಮೂಳೆಯನ್ನು ತೆಳುವಾಗಿಸುತ್ತವೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯಬಹುದು.

ಇ) ಗಡ್ಡೆ: ಸುಮಾರು 20ರಿಂದ 40 ವರ್ಷದವರಲ್ಲಿ ಮೊಣಕಾಲಿನ ಸಮೀಪ ಬರುವ ಜೈಂಟ್ ಸೆಲ್ ಗಡ್ಡೆಯೂ ಎಕ್ಸ್-ರೇಯಲ್ಲಿ ಗುಳ್ಳೆಯಂತೆಯೇ ತೋರಬಹುದು. ತಜ್ಞರ ಪರೀಕ್ಷೆಯಿಂದ ಮಾತ್ರ ಇದನ್ನು ನಿರ್ಧರಿಸಲು ಸಾಧ್ಯ.

ಮೊಣಕಾಲಿನ ಹಿಂಬದಿಯಲ್ಲಿ ಮೆತ್ತಗೆ ಊದಿಕೊಳ್ಳುವ ‘ಬೇಕರ್ಸ್ ಸಿಸ್ಟ್’ ಮೂಳೆಗೆ ಸಂಬಂಧಿಸಿದ್ದಲ್ಲ.

2. ತಡ ಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

- ವಿಶ್ರಾಂತಿಯಲ್ಲಿಯೂ, ರಾತ್ರಿ ವೇಳೆಯಲ್ಲಿಯೂ ನೋವು ಕಡಿಮೆಯಾಗದಿದ್ದಲ್ಲಿ
- ಊತ ದಿನೇ ದಿನೇ ಬೆಳೆಯುತ್ತಿದ್ದಲ್ಲಿ
- ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಕಂಡುಬಂದಲ್ಲಿ
- ಮಕ್ಕಳು ಹಾಗೂ ಯುವಕರಲ್ಲಿ ಒಂದೇ ಕಾಲಿನ ನೋವು ಮುಂದುವರಿದಲ್ಲಿ
- ಸಣ್ಣ ಪೆಟ್ಟಿನ ನಂತರ ಕಾಲೂರಲು ಆಗದಿದ್ದಲ್ಲಿ

ಎಕ್ಸ್-ರೇ ಆಗುವ ಮುನ್ನ ಕಾಲನ್ನು ಬಲವಾಗಿ ಎಳೆಯಿಸುವುದು, ತಿಕ್ಕಿಸುವುದು ಬೇಡ. ತೆಳುವಾದ ಮೂಳೆ ಇದರಿಂದ ಮುರಿಯುವ ಅಪಾಯವಿದೆ.

3. ಕೀಲು ಸವೆತದ ನೋವನ್ನು ನಿಭಾಯಿಸುವ ಕ್ರಮ

- ನೆಲದ ಮೇಲೆ ಅಥವಾ ಮಣೆಯ ಮೇಲೆ ಕೂರುವ ಬದಲು ಎತ್ತರದ ಸ್ಟೂಲಿನ ಮೇಲೆ ಕುಳಿತು ಕೆಲಸ ಮಾಡುವುದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು.
- ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸುವುದು. ಪ್ರತಿ ಕಾಲಿಗೆ ಹತ್ತು ಬಾರಿ ಮಾಡುವುದರಿಂದ ತೊಡೆಯ ಸ್ನಾಯು ಬಲಗೊಳ್ಳುತ್ತದೆ.
- ಹೆಚ್ಚಿನ ತೂಕವಿದ್ದಲ್ಲಿ ಇಳಿಸುವುದು. ದೇಹದ ತೂಕ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕೆ.ಜಿ. ಇಳಿಯುವುದೆಂದು 2005ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ.
- ಊರುಗೋಲನ್ನು ನೋವಿರುವ ಕಾಲಿನ ಕಡೆಗಲ್ಲ, ಅದರ ಎದುರು ಬದಿಯ ಕೈಯಲ್ಲಿ ಹಿಡಿಯುವುದು.
- ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆಗಳನ್ನು ದೀರ್ಘಕಾಲ ಸೇವಿಸದಿರುವುದು. ಇವುಗಳಿಂದ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಹೆಸರಿಲ್ಲದ ಪುಡಿ, ಚುಚ್ಚುಮದ್ದುಗಳನ್ನು ಪಡೆಯಬಾರದು.

ಇದರಿಂದಲೂ ಫಲ ದೊರೆಯದೆ ನಡೆದಾಡುವುದೇ ಕಷ್ಟವಾದಲ್ಲಿ, ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರು ತೀರ್ಮಾನಿಸುತ್ತಾರೆ.

4. ಚಿಕಿತ್ಸೆ ಮತ್ತು ನೆರವು ಪಡೆಯುವ ವಿಧಾನ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳತಕ್ಕದ್ದು. ಅಗತ್ಯವಿದ್ದಲ್ಲಿ ತುಮಕೂರು ಜಿಲ್ಲಾ ಆಸ್ಪತ್ರೆಗೆ, ಮೂಳೆ ಚಿಕಿತ್ಸೆಗಾಗಿ ಬೆಂಗಳೂರಿನ ಸಂಜಯ ಗಾಂಧಿ ಆಸ್ಪತ್ರೆಗೆ, ಗಡ್ಡೆಯ ಸಂಶಯವಿದ್ದಲ್ಲಿ ಕಿದ್ವಾಯಿ ಸಂಸ್ಥೆಗೆ ಕಳುಹಿಸಿಕೊಡುವ ಅವಕಾಶವಿದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ ರೂ. 1.50 ಲಕ್ಷ ಮೀರದಂತೆ ಭರಿಸಲಾಗುತ್ತದೆ. ತುರ್ತು ಸಂದರ್ಭ ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಪಡೆಯುವುದು ಅವಶ್ಯಕ. ಪತ್ರವಿಲ್ಲದೆ ದಾಖಲಾಗಿ ಹಣ ಪಾವತಿಸಿದ ನಂತರ ನೆರವು ದೊರೆಯುವುದು ಕಷ್ಟ.

ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯು ಮರ ಹತ್ತುವವರಿಗೆ ಅಪಘಾತಕ್ಕಾಗಿ ಇರುವಂಥದ್ದು. ಕೀಲು ಸವೆತವು ಅಪಘಾತವಲ್ಲವೆಂಬುದನ್ನು ಅರ್ಜಿದಾರರು ಗಮನಿಸುವುದು.

5. ಅಂಗವಿಕಲತೆಯ ಪ್ರಮಾಣಪತ್ರ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಹಲವು ಸೌಲಭ್ಯಗಳಿಗೆ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರಬೇಕು. ವರದಿಯಲ್ಲಿ ‘ಸಿಸ್ಟ್’ ಎಂದಿರುವುದಾಗಲಿ, ನೋವಿದೆ ಎನ್ನುವುದಾಗಲಿ ಇದಕ್ಕೆ ಸಾಲದು. ಕೀಲಿನ ಚಲನೆ, ಸ್ನಾಯುವಿನ ಬಲ, ನಿಲ್ಲುವ ಹಾಗೂ ನಡೆಯುವ ಸ್ಥಿರತೆಯನ್ನು ಪರಿಶೀಲಿಸಿ ವೈದ್ಯಕೀಯ ಪ್ರಾಧಿಕಾರವು ಪ್ರಮಾಣವನ್ನು ನಿರ್ಧರಿಸುತ್ತದೆ. ಅರ್ಜಿಯನ್ನು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ತಿರಸ್ಕೃತವಾದಲ್ಲಿ ಲಿಖಿತ ಕಾರಣವನ್ನು ಪಡೆಯುವ ಹಾಗೂ ಮೇಲ್ಮನವಿ ಸಲ್ಲಿಸುವ ಹಕ್ಕು ಅರ್ಜಿದಾರರಿಗಿದೆ.

6. ಜೋಪಾನವಾಗಿಡಬೇಕಾದ ದಾಖಲೆಗಳು

ಆಧಾರ್, ಪಡಿತರ ಚೀಟಿ, ಎಕ್ಸ್-ರೇ ಫಿಲ್ಮ್ ಮತ್ತು ವರದಿ, ಹೊರರೋಗಿ ಚೀಟಿಗಳು, ರೆಫರಲ್ ಪತ್ರ. ಇವುಗಳನ್ನು ದಿನಾಂಕವಾರು ಜೋಡಿಸಿ ಒಂದೇ ಕಡತದಲ್ಲಿ ಇಡುವುದು. ಹಳೆಯ ಫಿಲ್ಮ್ ಇದ್ದಲ್ಲಿ ಗುಳ್ಳೆ ಬೆಳೆದಿದೆಯೇ ಇಲ್ಲವೇ ಎಂಬುದನ್ನು ವೈದ್ಯರು ಹೋಲಿಸಿ ನೋಡಬಹುದು. ಆದ್ದರಿಂದ ವರದಿ ಕೈಗೆ ಬಂದ ಮೇಲೆಯೂ ಫಿಲ್ಮನ್ನು ಎಸೆಯಬಾರದಾಗಿ ಕೋರಲಾಗಿದೆ.

ವಿಶೇಷ ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ.